ಮನೆಯ ಸಿಸ್ಟಮ್‌ಗೆ ಡ್ಯಾಕ್ ಬೇಕು: ಯಾವ ಚಿಪ್ ಇರುವುದನ್ನು ನೋಡಲಿ?

ಸಂಜೆರಾಗ

ಎಲ್ಲರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದುತ್ತಿದ್ದೆ. ಬರೆಯುತ್ತಿರುವುದು ಇದೇ ಮೊದಲು.

ನನ್ನ ಹತ್ತಿರ ಹಳೆಯ ಇಂಟಿಗ್ರೇಟೆಡ್ ಆಂಪ್ಲಿಫೈಯರ್ ಇದೆ, ಜೊತೆಗೆ ಒಂದು ಜೋಡಿ ಬುಕ್‌ಶೆಲ್ಫ್ ಸ್ಪೀಕರ್. ಹಾಡೆಲ್ಲ ಲ್ಯಾಪ್‌ಟಾಪ್‌ನಲ್ಲಿವೆ. ಅದರ ಹೆಡ್‌ಫೋನ್ ಜ್ಯಾಕ್‌ನಿಂದ ಕೇಬಲ್ ಎಳೆದು ಆಂಪ್ ಹಿಂದಿನ ಕೆಂಪು-ಬಿಳಿ ಆರ್‌ಸಿಎ ಸಾಕೆಟ್‌ಗೆ ಸಿಕ್ಕಿಸಿದ್ದೇನೆ. ಎರಡು ತೊಂದರೆ. ಒಂದು, ಹಾಡು ಸಪ್ಪೆ ಅನಿಸುತ್ತದೆ, ಹಾಡುವವರು ಪರದೆಯ ಹಿಂದೆ ನಿಂತ ಹಾಗೆ. ಇನ್ನೊಂದು, ಹಾಡು ನಿಂತ ಕೂಡಲೇ ಸ್ಪೀಕರ್‌ನಲ್ಲಿ ಗುಂಯ್ ಅಂತ ಸದ್ದು, ಅದರ ಮೇಲೆ ಸಣ್ಣಗೆ ಕಿರಕಿರ.

ಡ್ಯಾಕ್ (ಡಿಜಿಟಲ್ ಹಾಡನ್ನು ಆಂಪ್‌ಗೆ ಬೇಕಾದ ಅನಲಾಗ್ ಸಿಗ್ನಲ್ ಮಾಡುವ ಪೆಟ್ಟಿಗೆ) ಹಾಕಿದರೆ ಎರಡೂ ಸರಿಹೋಗುತ್ತದೆ ಎನ್ನುತ್ತಾರೆ. ಎರಡು ಮಾಡೆಲ್ ಆರಿಸಿಟ್ಟುಕೊಂಡಿದ್ದೇನೆ. ಒಂದರಲ್ಲಿ ಇಎಸ್‌ಎಸ್ ಕಂಪನಿಯ ಇಎಸ್9038 ಚಿಪ್, ಇನ್ನೊಂದರಲ್ಲಿ ಎಕೆಎಂ ಕಂಪನಿಯ ಎಕೆ4493. ಮೊದಲನೆಯದು 768 ಕಿಲೋಹರ್ಟ್ಸ್, ಡಿಎಸ್‌ಡಿ512 ಮುಂತಾದ ಬಹಳ ಹೆಚ್ಚು ವಿವರದ ಫೈಲ್‌ಗಳನ್ನೆಲ್ಲ ಓದುತ್ತದಂತೆ, ಆದರೆ ಯುಎಸ್‌ಬಿ ಇನ್‌ಪುಟ್ ಮಾತ್ರ. ಎರಡನೆಯದರಲ್ಲಿ ಆಪ್ಟಿಕಲ್ ಕೂಡ ಇದೆ. ಯಾವ ಚಿಪ್ ಒಳ್ಳೆಯದು? ತಿಳಿದವರು ದಯವಿಟ್ಟು ಹೇಳಿ.

ಹಳೇರೇಡಿಯೊ

ಸ್ವಾಗತ ಸರ್. ಚಿಪ್ ವಿಷಯ ಆಮೇಲೆ ಮಾತಾಡೋಣ. ಮೊದಲು ಮೂರು ಪ್ರಶ್ನೆ. ಲ್ಯಾಪ್‌ಟಾಪ್‌ನ ಚಾರ್ಜರ್ ಕಿತ್ತು ಬರೀ ಬ್ಯಾಟರಿಯಲ್ಲಿ ಓಡಿಸಿದರೆ ಆ ಗುಂಯ್ ಸದ್ದು ಹೋಗುತ್ತದೆಯೇ? ಹಾಡು ಕೇಳುವಾಗ ಆಂಪ್‌ನ ವಾಲ್ಯೂಮ್ ತಿರುಗಿಸುವ ಗುಬ್ಬಿ ಎಲ್ಲಿ ನಿಂತಿರುತ್ತದೆ? ಮುಂದೆ ಲ್ಯಾಪ್‌ಟಾಪ್ ಬಿಟ್ಟು ಬೇರೆ ಏನಾದರೂ ಇದಕ್ಕೆ ಸೇರಿಸುವ ಯೋಚನೆ ಇದೆಯೇ, ಟಿವಿ, ಫೋನ್?

ಯಾಕೆ ಕೇಳುತ್ತಿದ್ದೇನೆ ಅಂದರೆ, ನೀವು ಹೇಳಿದ ಎರಡೂ ತೊಂದರೆಗೆ ಚಿಪ್ ಕಾರಣ ಇರಲಿಕ್ಕಿಲ್ಲ.

ಬೆಳ್ಳಿತಂತಿ

ನಾನು ಎರಡೂ ಚಿಪ್‌ನ ಡ್ಯಾಕ್ ಇಟ್ಟುಕೊಂಡು ಕೇಳಿದ್ದೇನೆ. ಇಎಸ್‌ಎಸ್‌ನದು ಸ್ವಲ್ಪ ಚೂಪು, ಎಕೆಎಂನದು ಮೆದು. ಆದರೆ ನಿಜವಾಗಿ ಮನಸ್ಸಿಗೆ ಹಿಡಿಸಿದ್ದು ಆರ್-2ಆರ್. ಚಿಪ್ ಇಲ್ಲದೆ ರೆಸಿಸ್ಟರ್‌ಗಳನ್ನೇ ಏಣಿಯ ಹಾಗೆ ಜೋಡಿಸಿ ಮಾಡುತ್ತಾರಲ್ಲ, ಅದು. ನನ್ನದು ಓವರ್‌ಸ್ಯಾಂಪ್ಲಿಂಗ್ (ಹಾಡಿನ ಅಳತೆಯ ಬಿಂದುಗಳ, ಅಂದರೆ ಸ್ಯಾಂಪಲ್‌ಗಳ ನಡುವೆ ಹೊಸ ಬಿಂದು ಲೆಕ್ಕ ಹಾಕಿ ಸೇರಿಸುವುದು) ಇಲ್ಲದ್ದು, ಎನ್‌ಒಎಸ್ ಎನ್ನುತ್ತಾರೆ. ಮೂರು ವರ್ಷದಿಂದ ಅದರಲ್ಲೇ ಕೇಳುತ್ತಿದ್ದೇನೆ. ಎರಡು ಗಂಟೆ ಕೂತರೂ ಕಿವಿ ದಣಿಯುವುದಿಲ್ಲ. ಸಾಧ್ಯವಾದರೆ ಒಮ್ಮೆ ಕೇಳಿ ನೋಡಿ.

ಮೀಟರ್‌ಮುಳ್ಳು

ಬೆಳ್ಳಿತಂತಿ ಅವರ ಅನುಭವವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಚಿಪ್ ಹೆಸರು ನೋಡಿ ಶಬ್ದ ಹೇಗಿರುತ್ತದೆ ಅಂತ ಹೇಳಲು ಆಗುವುದಿಲ್ಲ. ಚಿಪ್‌ನಿಂದ ಹೊರಬರುವ ಸಿಗ್ನಲ್ ಆಪ್-ಆಂಪ್ ಎಂಬ ಪುಟ್ಟ ಆಂಪ್ಲಿಫೈಯರ್ ಚಿಪ್‌ಗಳ ಔಟ್‌ಪುಟ್ ಹಂತ ದಾಟಿ ಬರಬೇಕು. ಅದಕ್ಕೆ ಕೊಡುವ ಪವರ್ ಶುದ್ಧವಾಗಿರಬೇಕು, ಸಮಯ ಹಿಡಿಯುವ ಕ್ಲಾಕ್ ಸರಿಯಿರಬೇಕು, ಬೋರ್ಡಿನ ಮೇಲೆ ಗ್ರೌಂಡ್ ಎಳೆದ ರೀತಿ ಸರಿಯಿರಬೇಕು. ಒಂದೇ ಚಿಪ್ ಹಾಕಿದ ಎರಡು ಡ್ಯಾಕ್ ಅಳೆದರೆ ಒಂದರ ಡಿಸ್ಟಾರ್ಷನ್ (ಸಿಗ್ನಲ್ ಕೆಡುವ ಪ್ರಮಾಣ) ಇನ್ನೊಂದರ ಹತ್ತು ಪಟ್ಟು ಇರಬಹುದು.

2020ರ ಅಕ್ಟೋಬರ್‌ನಲ್ಲಿ ಜಪಾನಿನ ನೊಬೆಯೊಕದಲ್ಲಿದ್ದ ಎಕೆಎಂ ಚಿಪ್ ಕಾರ್ಖಾನೆಗೆ ಬೆಂಕಿ ಬಿತ್ತು. ಚಿಪ್ ಸಿಗದೆ ಹಲವು ಡ್ಯಾಕ್ ಕಂಪನಿಗಳು ತಮ್ಮ ಮಾಡೆಲ್‌ಗಳನ್ನು ಬೇರೆ ಚಿಪ್‌ಗೆ ಬದಲಾಯಿಸಿದವು. ನಿನ್ನೆ ತನಕ ಎಕೆಎಂ ಇದ್ದ ಪೆಟ್ಟಿಗೆಯಲ್ಲಿ ಇಎಸ್‌ಎಸ್ ಬಂತು. ಔಟ್‌ಪುಟ್ ಹಂತವನ್ನು ಚೆನ್ನಾಗಿ ಮಾಡಿದ ಕಡೆ ಅಳತೆ ಹೆಚ್ಚುಕಡಿಮೆ ಅಲ್ಲೇ ನಿಂತಿತು.

ಅಳತೆ ಎಷ್ಟಿದ್ದರೆ ಸಾಕು ಅನ್ನುವುದಕ್ಕೂ ಒಂದು ಲೆಕ್ಕ ಇದೆ. ಸಿಡಿಯಲ್ಲಿರುವುದು 16 ಬಿಟ್, ಅಂದರೆ ಅತಿ ಜೋರಿನ ಶಬ್ದಕ್ಕೂ ಅತಿ ಸಣ್ಣದಕ್ಕೂ ನಡುವೆ ಸುಮಾರು 96 ಡಿಬಿ (ಡೆಸಿಬೆಲ್) ಅಂತರ. ಈಗಿನ ಸಾಮಾನ್ಯ ಡ್ಯಾಕ್‌ಗಳೂ 100 ಡಿಬಿ ದಾಟುತ್ತವೆ, ಒಳ್ಳೆಯವು 120 ದಾಟುತ್ತವೆ. ರಾತ್ರಿ ಎಲ್ಲರೂ ಮಲಗಿದ ಮೇಲೂ ಕೋಣೆಯಲ್ಲಿ 25-30 ಡಿಬಿ ಸದ್ದು ಇದ್ದೇ ಇರುತ್ತದೆ, ಅದರ ಮೇಲೆ 120 ಕೇಳಬೇಕಾದರೆ ಹಾಡನ್ನು ಕಿವಿ ಕೆಡುವಷ್ಟು ಜೋರಾಗಿ ಹಾಕಬೇಕು. 120 ಮತ್ತು 125ರ ನಡುವೆ ಒದ್ದಾಡುವುದರಲ್ಲಿ ಪ್ರಯೋಜನ ಇಲ್ಲ.

ಹಳೇರೇಡಿಯೊ

ಮೀಟರ್‌ಮುಳ್ಳು ಹೇಳಿದ್ದಕ್ಕೆ ಒಂದು ಹಳೆಯ ಕಥೆ ಸೇರಿಸುತ್ತೇನೆ. 1982ರಲ್ಲಿ ಸಿಡಿ ಬಂದಾಗ ಸೋನಿಯ ಮೊದಲ ಪ್ಲೇಯರ್ ಸಿಡಿಪಿ-101ರಲ್ಲಿ 16 ಬಿಟ್‌ನ ಒಂದೇ ಕನ್ವರ್ಟರ್ ಇತ್ತು. ಎಡಕ್ಕೂ ಬಲಕ್ಕೂ ಅದೇ ಸರದಿಯಲ್ಲಿ ಕೆಲಸ ಮಾಡುತ್ತಿತ್ತು. ಫಿಲಿಪ್ಸ್‌ನವರ ಕೈಯಲ್ಲಿ ಇದ್ದದ್ದು 14 ಬಿಟ್‌ನ ಟಿಡಿಎ1540 ಚಿಪ್. ಅದನ್ನೇ ನಾಲ್ಕು ಪಟ್ಟು ಓವರ್‌ಸ್ಯಾಂಪ್ಲಿಂಗ್ ಮಾಡಿ, ನಾಯ್ಸ್ ಶೇಪಿಂಗ್ (ದೋಷದ ಸದ್ದನ್ನು ಕಿವಿಗೆ ಕೇಳದ ಕಡೆ ತಳ್ಳುವುದು) ಸೇರಿಸಿ, 16 ಬಿಟ್‌ಗೆ ಸಮನಾದ ಕೆಲಸ ತೆಗೆದರು. ಕಡಿಮೆ ಬಿಟ್‌ನ ಚಿಪ್, ಸುತ್ತಲಿನ ಕೆಲಸ ಚೆನ್ನಾಗಿತ್ತು, ಅಷ್ಟೇ. ನನಗೆ ಈಗಲೂ ಆ ಕೆಲಸದ ಮೇಲೆ ತುಂಬಾ ಗೌರವ.

ಸಂಜೆರಾಗ

ಹಳೇರೇಡಿಯೊ ಸರ್, ನೀವು ಹೇಳಿದ ಹಾಗೆ ಚಾರ್ಜರ್ ಕಿತ್ತೆ. ಗುಂಯ್ ಸದ್ದು ಆ ಕ್ಷಣವೇ ನಿಂತುಹೋಯಿತು! ಸಿಕ್ಕಿಸಿದೆ, ಮತ್ತೆ ಬಂತು. ಮೌಸ್ ಅಲ್ಲಾಡಿಸಿದರೆ ಕಿರಕಿರದ ದನಿಯೂ ಬದಲಾಗುತ್ತದೆ, ಇದನ್ನು ಇಷ್ಟು ದಿನ ಗಮನಿಸಿಯೇ ಇರಲಿಲ್ಲ. ವಾಲ್ಯೂಮ್ ಗುಬ್ಬಿ ಗಡಿಯಾರದ ಹನ್ನೆರಡು ದಾಟಿ ಒಂದು ಗಂಟೆಯ ಹತ್ತಿರ ಇರುತ್ತದೆ. ಟಿವಿಯನ್ನೂ ಸೇರಿಸುವ ಆಸೆ ಇದೆ, ಅದರ ಹಿಂದೆ ಆಪ್ಟಿಕಲ್ ಔಟ್ ಇದೆ.

ಹಾಗಾದರೆ ಲ್ಯಾಪ್‌ಟಾಪ್‌ನ ಒಳಗಿನ ಸೌಂಡ್ ಕಾರ್ಡ್ ಕೆಟ್ಟದ್ದು ಅಂತಲೇ ಅರ್ಥ, ಅಲ್ವಾ? ಯುಎಸ್‌ಬಿ ಡ್ಯಾಕ್ ಹಾಕಿದರೆ ಸದ್ದು ಹೋಗುತ್ತದೆ?

ಹಳೇರೇಡಿಯೊ

ಇಲ್ಲೇ ಬಹಳ ಜನ ಎಡವುವುದು. ಅದು ಗ್ರೌಂಡ್ ಲೂಪ್.

ನಿಮ್ಮ ಚಾರ್ಜರ್‌ನ ಅರ್ಥ್ ಗೋಡೆಯ ಸಾಕೆಟ್‌ಗೆ ಹೋಗಿದೆ. ಆಂಪ್‌ನ ಅರ್ಥ್ ಕೂಡ ಗೋಡೆಗೆ ಹೋಗಿದೆ. ಈ ಎರಡನ್ನೂ ನಿಮ್ಮ ಆಡಿಯೊ ಕೇಬಲ್‌ನ ಹೊರಗಿನ ಜಾಲರಿ ಸೇರಿಸುತ್ತದೆ. ಒಂದು ಸುತ್ತು ಪೂರ್ತಿಯಾಯಿತು. ಆ ಸುತ್ತಿನಲ್ಲಿ ಸಣ್ಣ ಕರೆಂಟ್ ಹರಿಯುತ್ತದೆ. ಸಿಗ್ನಲ್‌ಗೂ ಅದೇ ಜಾಲರಿ ವಾಪಸ್ ದಾರಿ ಆದ್ದರಿಂದ, ಆ ಕರೆಂಟು ಸಿಗ್ನಲ್ ಜೊತೆ ಬೆರೆತು ಆಂಪ್‌ಗೆ ಹೋಗುತ್ತದೆ. ಗುಂಯ್ ಅನ್ನುವುದು ಮನೆಯ ಕರೆಂಟಿನ 50 ಅಥವಾ 60 ಹರ್ಟ್ಸ್ ಮತ್ತು ಅದರ ಮೇಲಿನ ಪಟ್ಟುಗಳು. ಕಿರಕಿರ ಅನ್ನುವುದು ಲ್ಯಾಪ್‌ಟಾಪ್ ಒಳಗಿನ ಕೆಲಸದ ಗಲಾಟೆ.

ಈಗ ಯುಎಸ್‌ಬಿ ಡ್ಯಾಕ್ ತಂದು ನಡುವೆ ಇಟ್ಟರೆ ಏನಾಗುತ್ತದೆ? ಯುಎಸ್‌ಬಿ ಕೇಬಲ್‌ನಲ್ಲೂ ಗ್ರೌಂಡ್ ತಂತಿ ಇದೆ. ಲ್ಯಾಪ್‌ಟಾಪ್‌ನಿಂದ ಡ್ಯಾಕ್, ಡ್ಯಾಕ್‌ನಿಂದ ಆಂಪ್, ಸುತ್ತು ಹಾಗೇ ಇರುತ್ತದೆ. ಎಷ್ಟು ಒಳ್ಳೆಯ ಡ್ಯಾಕ್ ಆದರೂ ಸದ್ದು ಉಳಿಯುವ ಸಾಧ್ಯತೆ ಜಾಸ್ತಿ. ಜನ ಅದನ್ನು ಡ್ಯಾಕ್‌ನ ದೋಷ ಅಂದುಕೊಂಡು ಇನ್ನೂ ದೊಡ್ಡದನ್ನು ತರುತ್ತಾರೆ.

ಆಪ್ಟಿಕಲ್ ಕೇಬಲ್‌ನಲ್ಲಿ ಹೋಗುವುದು ಬೆಳಕು. ತಂತಿ ಇಲ್ಲ, ಹಾಗಾಗಿ ಸುತ್ತು ಅಲ್ಲಿಗೆ ಕಡಿಯುತ್ತದೆ. ನೀವು ಆರಿಸಿದ ಎರಡರಲ್ಲಿ ಆಪ್ಟಿಕಲ್ ಇರುವುದೇ ನನ್ನ ಆಯ್ಕೆ. ಇದಕ್ಕೂ ಚಿಪ್‌ಗೂ ಸಂಬಂಧ ಇಲ್ಲ.

ಒಂದು ಮಾತು ಕೈಮುಗಿದು ಹೇಳುತ್ತೇನೆ. ಸದ್ದು ಹೋಗಲಿ ಅಂತ ಪ್ಲಗ್‌ನ ಅರ್ಥ್ ಪಿನ್ ಮುರಿಯುವುದು, ಅದಕ್ಕೆ ಟೇಪ್ ಸುತ್ತುವುದು ಯಾವತ್ತೂ ಮಾಡಬೇಡಿ. ಸದ್ದು ಹೋಗುತ್ತದೆ, ನಿಜ. ಆದರೆ ನಾಳೆ ಆಂಪ್ ಒಳಗೆ ಒಂದು ತಂತಿ ಕಳಚಿ ಲೋಹದ ಪೆಟ್ಟಿಗೆಗೆ ತಾಗಿದರೆ, ಆ ಪೆಟ್ಟಿಗೆ ಮುಟ್ಟಿದವರ ಜೀವ ಹೋಗಬಹುದು.

ಹೊಸಕಿವಿ

ನಡುವೆ ಬಂದೆ, ಕ್ಷಮಿಸಿ. ನಾನೂ ಟಿವಿಯಿಂದ ಆಪ್ಟಿಕಲ್ ಕೇಬಲ್ ಹಾಕಿ ಡ್ಯಾಕ್‌ಗೆ ಸೇರಿಸಿದೆ. ಕೆಲವು ಚಾನೆಲ್ ಬರುತ್ತದೆ, ಕೆಲವು ಸಿನಿಮಾ ಹಾಕಿದರೆ ಒಂದಿಷ್ಟೂ ಶಬ್ದ ಇಲ್ಲ. ಡ್ಯಾಕ್ ಕೆಟ್ಟಿದೆಯೇ?

ಮೀಟರ್‌ಮುಳ್ಳು

ಕೆಟ್ಟಿಲ್ಲ ಮೇಡಂ. ಟಿವಿಯ ಸೌಂಡ್ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್‌ಪುಟ್ ಅಂತ ಇರುತ್ತದೆ. ಅದು ಆಟೋ ಅಥವಾ ಬಿಟ್‌ಸ್ಟ್ರೀಮ್‌ನಲ್ಲಿದ್ದರೆ ಪಿಸಿಎಂ ಮಾಡಿ. ಸಿನಿಮಾಗಳ ಡಾಲ್ಬಿ ಡಿಜಿಟಲ್ ಅನ್ನು ಬಿಡಿಸಿ ಓದಲು ಸ್ಟೀರಿಯೊ ಡ್ಯಾಕ್‌ಗೆ ಬರುವುದಿಲ್ಲ. ಪಿಸಿಎಂ ಮಾಡಿದರೆ ಟಿವಿಯೇ ಬಿಡಿಸಿ ಎರಡು ಚಾನೆಲ್ ಮಾಡಿ ಕಳಿಸುತ್ತದೆ.

ಹೊಸಕಿವಿ

ಬಂತು! ಆರು ತಿಂಗಳಿಂದ ಸಿನಿಮಾಗಳನ್ನು ಟಿವಿಯ ಸ್ಪೀಕರ್‌ನಲ್ಲೇ ನೋಡುತ್ತಿದ್ದೆ. ತುಂಬಾ ಧನ್ಯವಾದ ಸರ್.

ಸಂಜೆರಾಗ

ಸ್ನೇಹಿತರೊಬ್ಬರ ಹತ್ತಿರ ಎರಡು ವಾರಕ್ಕೆ ಡ್ಯಾಕ್ ಕೇಳಿ ತಂದಿದ್ದೇನೆ. ಯುಎಸ್‌ಬಿಯಲ್ಲಿ ಸೇರಿಸಿದೆ. ಹಳೇರೇಡಿಯೊ ಸರ್ ಹೇಳಿದ್ದು ಅಕ್ಷರಶಃ ನಿಜ, ಚಾರ್ಜರ್ ಸಿಕ್ಕಿಸಿದರೆ ಗುಂಯ್ ಹಾಗೇ ಇದೆ. ಟಿವಿಯಿಂದ ಆಪ್ಟಿಕಲ್‌ನಲ್ಲಿ ಕೊಟ್ಟೆ, ಟ್ವೀಟರ್‌ಗೆ (ಸ್ಪೀಕರ್‌ನಲ್ಲಿ ಮೇಲಿನ ಸ್ವರಗಳ ಚಿಕ್ಕ ಭಾಗ) ಕಿವಿ ಅಂಟಿಸಿ ಕೇಳಿದರೂ ಸಣ್ಣ ಉಸ್ ಬಿಟ್ಟರೆ ಏನಿಲ್ಲ.

ಆದರೆ ಹಾಡು! ಚಾರ್ಜರ್ ಕಿತ್ತು, ಲ್ಯಾಪ್‌ಟಾಪ್‌ನಿಂದ ಯುಎಸ್‌ಬಿಯಲ್ಲೇ ಕೇಳಿದೆ. ಜೀವ ಬಂದ ಹಾಗಾಯಿತು. ಕೊಳಲು ಮುಂದೆ ಬಂದು ನಿಂತಿತು, ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. ಪರದೆ ಸರಿಯಿತು ಅಂತಲೇ ಹೇಳುತ್ತೇನೆ. ಮೀಟರ್‌ಮುಳ್ಳು ಅವರೇ, ಡ್ಯಾಕ್‌ಗಳಲ್ಲಿ ವ್ಯತ್ಯಾಸ ಇಲ್ಲ ಅನ್ನುವುದನ್ನು ನನ್ನ ಕಿವಿ ಒಪ್ಪುತ್ತಿಲ್ಲ.

ಮೀಟರ್‌ಮುಳ್ಳು

ನಿಮ್ಮ ಕಿವಿ ಸುಳ್ಳು ಹೇಳುತ್ತಿಲ್ಲ. ಆದರೆ ಡ್ಯಾಕ್‌ಗೆ ಬದಲಾಯಿಸಿದಾಗ ಆಂಪ್‌ನ ಗುಬ್ಬಿ ಅಲ್ಲೇ ಬಿಟ್ಟಿರಿ, ಅಲ್ವಾ?

ಲ್ಯಾಪ್‌ಟಾಪ್ ಜ್ಯಾಕ್‌ಗಳಿಂದ ಸಾಮಾನ್ಯವಾಗಿ 1 ವೋಲ್ಟ್ ಆಸುಪಾಸು ಬರುತ್ತದೆ. ಡ್ಯಾಕ್‌ನ ಆರ್‌ಸಿಎ ಔಟ್‌ಪುಟ್ 2 ವೋಲ್ಟ್. ಅಂದರೆ 6 ಡಿಬಿ ಜಾಸ್ತಿ. ಇಷ್ಟು ವ್ಯತ್ಯಾಸ ಇದ್ದರೆ ಜೋರಾಗಿದೆ ಅಂತ ಗೊತ್ತಾಗುತ್ತದೆ. ಅರ್ಧ ಡಿಬಿ ಮಾತ್ರ ಇದ್ದರೆ ಜೋರು ಅಂತ ಗೊತ್ತಾಗುವುದಿಲ್ಲ, "ಸ್ಪಷ್ಟ", "ಮುಂದೆ ಬಂತು", "ಜೀವ ಇದೆ" ಅಂತ ಅನಿಸುತ್ತದೆ. ಸದ್ದು ಕಡಿಮೆ ಇದ್ದಾಗ ನಮ್ಮ ಕಿವಿ ಕೆಳಗಿನ ಸ್ವರಗಳನ್ನು ಕಡಿಮೆ ಹಿಡಿಯುತ್ತದೆ. 1933ರಲ್ಲೇ ಫ್ಲೆಚರ್ ಮತ್ತು ಮನ್ಸನ್ ಇದನ್ನು ಅಳೆದು ತೋರಿಸಿದ್ದಾರೆ. ಹಾಗಾಗಿ ಸದ್ದು ಏರಿಸಿದ ಕೂಡಲೇ ಹಾಡು ತುಂಬಿಕೊಂಡ ಹಾಗೆ ಅನಿಸುತ್ತದೆ.

ಒಂದು ಸಾಧಾರಣ ಮಲ್ಟಿಮೀಟರ್ ಇದ್ದರೆ ಹೀಗೆ ಮಾಡಿ. 100 ಹರ್ಟ್ಸ್‌ನ ಟೋನ್ ಫೈಲ್ ಇಳಿಸಿಕೊಳ್ಳಿ. 1000 ಹರ್ಟ್ಸ್ ಬೇಡ, ಸಾಧಾರಣ ಮೀಟರ್‌ಗಳು ಅಷ್ಟು ಮೇಲೆ ಸರಿಯಾಗಿ ಓದುವುದಿಲ್ಲ. ಹಾಡು ಕೇಳುವುದಕ್ಕಿಂತ ಕಡಿಮೆ ಸದ್ದಿನಲ್ಲಿ ಟೋನ್ ಹಾಕಿ. ಮೀಟರ್ ಎಸಿ ವೋಲ್ಟ್‌ನಲ್ಲಿರಲಿ, ಒಂದು ಕಡ್ಡಿ ಸ್ಪೀಕರ್‌ನ ಕೆಂಪು ಟರ್ಮಿನಲ್‌ಗೆ, ಇನ್ನೊಂದು ಕಪ್ಪಿಗೆ. ಕಡ್ಡಿಗಳು ಒಂದಕ್ಕೊಂದು ತಾಗದ ಹಾಗೆ ನೋಡಿಕೊಳ್ಳಿ, ತಾಗಿದರೆ ಆಂಪ್‌ಗೆ ಶಾರ್ಟ್. ಗುಬ್ಬಿ ಮುಟ್ಟದೆ ಜ್ಯಾಕ್‌ನಲ್ಲಿ ಒಮ್ಮೆ, ಡ್ಯಾಕ್‌ನಲ್ಲಿ ಒಮ್ಮೆ ಓದಿ ಬರೆದುಕೊಳ್ಳಿ. ಆಮೇಲೆ ಲ್ಯಾಪ್‌ಟಾಪ್‌ನಲ್ಲಿ ಡ್ಯಾಕ್‌ನ ವಾಲ್ಯೂಮ್ ಇಳಿಸುತ್ತಾ ಎರಡೂ ಓದು ಒಂದೇ ಆಗುವ ತನಕ ತನ್ನಿ. 0.1 ಡಿಬಿ ಒಳಗೆ ಬರಬೇಕು, ಅಂದರೆ ವೋಲ್ಟ್‌ನಲ್ಲಿ ಶೇಕಡಾ ಒಂದರಷ್ಟು.

ಆಮೇಲೆ ಯಾರಾದರೂ ನಿಮಗೆ ಕಾಣದ ಹಾಗೆ ಔಟ್‌ಪುಟ್ ಬದಲಾಯಿಸಲಿ. 16 ಸಲ. ಯಾವುದು ಅಂತ ನೀವು ಹೇಳುತ್ತಾ ಹೋಗಿ. 12 ಅಥವಾ ಜಾಸ್ತಿ ಸರಿಯಾದರೆ ಬರೀ ಅದೃಷ್ಟದಿಂದ ಹಾಗಾಗುವ ಸಾಧ್ಯತೆ ಶೇಕಡಾ 4ಕ್ಕಿಂತ ಕಡಿಮೆ. ಆಗ ನಾನೂ ಒಪ್ಪುತ್ತೇನೆ.

ಸಂಜೆರಾಗ

ಮಾಡಿದೆ. ಶನಿವಾರ ಮಧ್ಯಾಹ್ನ ಪೂರ್ತಿ ಇದಕ್ಕೇ ಹೋಯಿತು.

ಮೀಟರ್‌ನಲ್ಲಿ ಜ್ಯಾಕ್‌ನಿಂದ 0.74 ವೋಲ್ಟ್, ಡ್ಯಾಕ್‌ನಿಂದ 1.55 ವೋಲ್ಟ್ ಬಂತು. ಲೆಕ್ಕ ಹಾಕಿದರೆ 6.4 ಡಿಬಿ. ಪ್ಲೇಯರ್‌ನ ವಾಲ್ಯೂಮ್‌ನಲ್ಲಿ ಅಷ್ಟು ಇಳಿಸಿದೆ, ಎರಡೂ 0.74ಕ್ಕೆ ಬಂತು. ಚಾರ್ಜರ್ ಕಿತ್ತಿಟ್ಟೆ, ಇಲ್ಲದಿದ್ದರೆ ಗುಂಯ್ ಸದ್ದೇ ಗುಟ್ಟು ಬಿಟ್ಟುಕೊಡುತ್ತಿತ್ತೇನೋ. ನನ್ನ ಹೆಂಡತಿ ಹಿಂದೆ ಕೂತು ನಾಣ್ಯ ಚಿಮ್ಮಿ ಔಟ್‌ಪುಟ್ ಬದಲಾಯಿಸಿದರು. ನಾನು ಗೋಡೆ ಕಡೆ ಮುಖ ಮಾಡಿ ಕೂತೆ. ಕೊಳಲಿನ ಅದೇ ಇಪ್ಪತ್ತು ಸೆಕೆಂಡ್, ಮತ್ತೆ ಮತ್ತೆ.

ಮೊದಲ ನಾಲ್ಕು ಸಲ ತುಂಬಾ ಧೈರ್ಯದಿಂದ ಹೇಳಿದೆ. ಎರಡು ತಪ್ಪು. ಆಮೇಲೆ ಕೈಯೇ ನಡುಗಿತು. ಕೊನೆಗೆ 16ರಲ್ಲಿ 9 ಸರಿ.

ನಿಜ ಹೇಳುತ್ತೇನೆ, ಮನಸ್ಸಿಗೆ ಬೇಜಾರಾಯಿತು. ಆ ಮೊದಲ ದಿನದ ಕೊಳಲು ನಾನು ಕೇಳಿದ್ದೇ ಅಲ್ಲವೇ? ಆಮೇಲೆ ಹೊಳೆಯಿತು. ಕೇಳಿದ್ದು ನಿಜ, ಅದು ಸದ್ದು ಏರಿದ್ದರಿಂದ ಬಂದದ್ದು. ಹಾಗಾದರೆ ಜ್ಯಾಕ್‌ನಲ್ಲೇ ಗುಬ್ಬಿ ಏರಿಸಿದರೂ ಅದೇ ಕೊಳಲು ಸಿಗಬೇಕಲ್ಲ? ಏರಿಸಿದೆ. ಸಿಕ್ಕಿತು.

ಬೆಳ್ಳಿತಂತಿ

ಸಂಜೆರಾಗ ಅವರ ಶ್ರಮಕ್ಕೆ ಗೌರವ ಇದೆ. ಆದರೂ ನನ್ನ ಮಾತು ಹೇಳಲೇಬೇಕು. ಇಪ್ಪತ್ತು ಸೆಕೆಂಡಿನ ತುಣುಕು, ಪರೀಕ್ಷೆಯ ಒತ್ತಡ, ಇದರಲ್ಲಿ ಯಾರ ಕಿವಿ ನೆಟ್ಟಗೆ ಕೆಲಸ ಮಾಡುತ್ತದೆ? ಕೈ ನಡುಗಿತು ಅಂತ ಅವರೇ ಬರೆದಿದ್ದಾರೆ. ನಾನು ಹೇಳುತ್ತಿರುವುದು ಎರಡು ಗಂಟೆ ಕೂತಾಗ ಆಗುವ ದಣಿವಿನ ವಿಷಯ.

ಎಲ್ಲ ಪರೀಕ್ಷೆಯೂ "ವ್ಯತ್ಯಾಸ ಇಲ್ಲ" ಅಂತಲೇ ಹೇಳಿಲ್ಲ. 2016ರಲ್ಲಿ ಜೋಶುವಾ ರೈಸ್ ಎಂಬ ಸಂಶೋಧಕರು 18 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದರು. ಹೈ-ರೆಸಲ್ಯೂಷನ್ (ಸಿಡಿಗಿಂತ ಹೆಚ್ಚು ವಿವರದ) ಧ್ವನಿಯನ್ನು ಜನ ಗುರುತಿಸುವುದು ಅದೃಷ್ಟಕ್ಕಿಂತ ಸ್ವಲ್ಪ ಜಾಸ್ತಿ, ತರಬೇತಿ ಪಡೆದವರಲ್ಲಿ ಇನ್ನೂ ಜಾಸ್ತಿ ಅಂತ ಕಂಡುಬಂತು.

ಮೀಟರ್‌ಮುಳ್ಳು

ಒಪ್ಪಿದೆ, ಆ ಅಧ್ಯಯನ ಇದೆ. ಒಟ್ಟಾರೆ ಸರಿಯುತ್ತರ ಶೇಕಡಾ 52.3. 50 ಅಂದರೆ ಬರೀ ಊಹೆ. 2007ರಲ್ಲಿ ಮೇಯರ್ ಮತ್ತು ಮೊರಾನ್ ಮಾಡಿದ ಪರೀಕ್ಷೆಯೂ ಇದೆ. ಹೈ-ರೆಸಲ್ಯೂಷನ್ ಡಿಸ್ಕ್‌ನ ಸಿಗ್ನಲ್ಲನ್ನು ಸಿಡಿ ಮಟ್ಟಕ್ಕೆ, ಅಂದರೆ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿ ಕೇಳಿಸಿದರು. 554 ಸಲದಲ್ಲಿ 276 ಸರಿ. ವ್ಯತ್ಯಾಸ ಇದ್ದರೂ ಎಷ್ಟು ಸಣ್ಣದು ಅಂತ ಎರಡನ್ನೂ ಸೇರಿಸಿ ನೋಡಿದರೆ ಗೊತ್ತಾಗುತ್ತದೆ.

ಆದರೆ ಬೆಳ್ಳಿತಂತಿ ಅವರೇ, ನಿಮ್ಮ ಎನ್‌ಒಎಸ್ ಡ್ಯಾಕ್ ವಿಷಯ ಬೇರೆ. ಅದು ಬೇರೆ ಥರ ಕೇಳಿಸಬೇಕಾದದ್ದೇ! ಓವರ್‌ಸ್ಯಾಂಪ್ಲಿಂಗ್ ಮತ್ತು ಫಿಲ್ಟರ್ ಇಲ್ಲದಿದ್ದಾಗ ಪ್ರತಿ ಸ್ಯಾಂಪಲ್ಲೂ ಮುಂದಿನದು ಬರುವ ತನಕ ಹಾಗೇ ನಿಲ್ಲುತ್ತದೆ. ಹಾಗಾದಾಗ ಮೇಲಿನ ಸ್ವರಗಳು ಇಳಿಯುತ್ತವೆ. 44.1ರ ಫೈಲ್‌ಗೆ 10 ಕಿಲೋಹರ್ಟ್ಸ್ ಹತ್ತಿರ ಮುಕ್ಕಾಲು ಡಿಬಿ, 20ರ ಹತ್ತಿರ 3.2 ಡಿಬಿ ಕಡಿಮೆ. "ಮೆದು", "ದಣಿಯುವುದಿಲ್ಲ" ಅಂತ ನೀವು ಹೇಳುವುದು ಇದನ್ನೇ ಇರಬೇಕು ಅಂತ ನನ್ನ ಅನುಮಾನ. ರೆಸಿಸ್ಟರ್ ಏಣಿಗೂ ಅದಕ್ಕೂ ಸಂಬಂಧ ಇಲ್ಲ. ಸಾಧಾರಣ ಡ್ಯಾಕ್‌ಗೆ ಪ್ಲೇಯರ್‌ನ ಇಕ್ಯೂನಲ್ಲಿ (ಈಕ್ವಲೈಸರ್, ಬೇರೆ ಬೇರೆ ಸ್ವರಗಳ ಮಟ್ಟ ಏರಿಸಿ ಇಳಿಸುವುದು) ಅದೇ ಇಳಿಜಾರು ಹಾಕಿ, ಸದ್ದು ಸಮ ಮಾಡಿ, ನಿಮ್ಮ ಮನೆಯಲ್ಲೇ, ನಿಮಗೆ ಬೇಕಾದಷ್ಟು ಹೊತ್ತು ಕೇಳಿ ನೋಡುತ್ತೀರಾ? ಒತ್ತಡ ಬೇಡ, ದಿನಕ್ಕೆ ಒಂದೇ ಸಲ ಆದರೂ ಸರಿ.

ಬೆಳ್ಳಿತಂತಿ

ನ್ಯಾಯವಾದ ಮಾತು. ಮಾಡುತ್ತೇನೆ. ಸಮಯ ಕೊಡಿ.

ಹೊಸಕಿವಿ

ಸಂಜೆರಾಗ ಅವರು ಮೊದಲು ಬರೆದಿದ್ದರಲ್ಲ, 768 ಕಿಲೋಹರ್ಟ್ಸ್, ಡಿಎಸ್‌ಡಿ512 ಅಂತ. ಅದು ಬೇಕೇ? ನನ್ನ ಡ್ಯಾಕ್ ಮೇಲೆ ಎಂಕ್ಯೂಎ ಅಂತಲೂ ಬರೆದಿದೆ.

ಹಳೇರೇಡಿಯೊ

ನಿಮ್ಮ ಹಾಡುಗಳು ಯಾವ ರೂಪದಲ್ಲಿವೆಯೋ ಅದನ್ನು ಓದಿದರೆ ಸಾಕು ಮೇಡಂ. ಬಹುಪಾಲು 44.1 ಅಥವಾ 48 ಕಿಲೋಹರ್ಟ್ಸ್, ಕೆಲವು 96, ಅಪರೂಪಕ್ಕೆ 192. ಎಂಕ್ಯೂಎ ಅಂದರೆ ಹಾಡಿನ ಫೈಲನ್ನು ಅಡಕ ಮಾಡುವ ಒಂದು ವಿಧಾನ. ಅದರ ಕಂಪನಿ 2023ರಲ್ಲಿ ದಿವಾಳಿಯ ಅಂಚಿಗೆ ಹೋಗಿ ಬೇರೆಯವರ ಕೈ ಸೇರಿತು. ಅದನ್ನು ಹೆಚ್ಚು ಬಳಸುತ್ತಿದ್ದ ಹಾಡಿನ ಸ್ಟ್ರೀಮಿಂಗ್ ಸೇವೆ ಟೈಡಲ್ ಕೂಡ 2024ರಲ್ಲಿ ಫ್ಲ್ಯಾಕ್ ಎಂಬ ಫೈಲ್ ರೂಪಕ್ಕೆ ಹೋಯಿತು. ಹೊಸದಾಗಿ ಕೊಳ್ಳುವವರು ಅದನ್ನು ಹುಡುಕಬೇಕಾಗಿಲ್ಲ.

ಸಂಜೆರಾಗ

ಒಂದು ಹೊಸ ಸಂಗತಿ. ಸದ್ದು ಸಮ ಮಾಡಲು ಪ್ಲೇಯರ್‌ನಲ್ಲಿ 6.4 ಡಿಬಿ ಇಳಿಸಿದ್ದೆನಲ್ಲ, ಆಮೇಲೆ ಹಾಗೇ ಬಿಟ್ಟಿದ್ದೆ. ಒಂದು ಜೋರು ಆಲ್ಬಮ್ ಇದೆ, ಅದರಲ್ಲಿ ತಾಳ ಬಿದ್ದಾಗೆಲ್ಲ ಚರ್ ಅಂತ ಹರಿದ ಹಾಗೆ ಕೇಳುತ್ತಿತ್ತು. ಈಗ ಅದು ಕಡಿಮೆಯಾಗಿದೆ. ವಾಲ್ಯೂಮ್ ಪೂರ್ತಿ ಏರಿಸಿದರೆ ಮತ್ತೆ ಬರುತ್ತದೆ. ಇದೂ ನನ್ನ ಭ್ರಮೆಯೇ? ಡಿಜಿಟಲ್‌ನಲ್ಲಿ ವಾಲ್ಯೂಮ್ ಇಳಿಸಿದರೆ ಬಿಟ್ ಹೋಗುತ್ತದೆ, ಶಬ್ದ ಕೆಡುತ್ತದೆ ಅಂತ ಓದಿದ್ದೆ.

ಮೀಟರ್‌ಮುಳ್ಳು

ಭ್ರಮೆ ಆಗಿರಲಿಕ್ಕಿಲ್ಲ. ಜೋರಾಗಿ ಮಾಸ್ಟರ್ ಮಾಡಿದ (ಕೊನೆಯ ಹಂತದಲ್ಲಿ ಸದ್ದು ಏರಿಸಿ ಸಿದ್ಧ ಮಾಡಿದ) ಹಾಡುಗಳಲ್ಲಿ ಸ್ಯಾಂಪಲ್‌ಗಳು ಡಿಜಿಟಲ್‌ನ ಗರಿಷ್ಠ ಮಟ್ಟದ ಗೆರೆಗೆ ತಾಗಿಕೊಂಡೇ ಇರುತ್ತವೆ. ಆದರೆ ನಿಜವಾದ ಅಲೆ ಎರಡು ಸ್ಯಾಂಪಲ್‌ಗಳ ನಡುವೆ ಆ ಗೆರೆ ದಾಟಿ ಮೇಲೆ ಹೋಗಬಹುದು. ಡ್ಯಾಕ್ ಒಳಗಿನ ಓವರ್‌ಸ್ಯಾಂಪ್ಲಿಂಗ್ ಫಿಲ್ಟರ್ ಆ ನಡುವಿನ ಬಿಂದುಗಳನ್ನು ಲೆಕ್ಕ ಹಾಕುವಾಗ ಜಾಗ ಸಾಲದೆ ಅಲೆಯ ತಲೆ ಕತ್ತರಿಸಿಹೋಗುತ್ತದೆ. ಡ್ಯಾಕ್‌ಗೆ ಕಳಿಸುವ ಮೊದಲೇ 3-4 ಡಿಬಿ ಇಳಿಸಿದರೆ ಜಾಗ ಸಿಗುತ್ತದೆ. ಇದಕ್ಕೆಂದೇ ಜಾಗ ಬಿಟ್ಟು ವಿನ್ಯಾಸ ಮಾಡಿದ ಡ್ಯಾಕ್‌ಗಳೂ ಇವೆ, ಮಾಡದವೂ ಇವೆ. ಚಿಪ್ ಹೆಸರಿಗಿಂತ ನನಗೆ ಇದು ಮುಖ್ಯ.

ಬಿಟ್ ಚಿಂತೆ ಬೇಡ. ಔಟ್‌ಪುಟ್ 24 ಬಿಟ್‌ಗೆ ಇಟ್ಟಿದ್ದರೆ 16 ಬಿಟ್‌ನ ಹಾಡಿಗೆ ಕೆಳಗೆ 8 ಬಿಟ್ ಖಾಲಿ ಇದೆ, ಅಂದರೆ 48 ಡಿಬಿ. ನೀವು ಇಳಿಸಿದ್ದು ಆರೂವರೆಯೂ ಇಲ್ಲ.

ಹಳೇರೇಡಿಯೊ

ವಾಲ್ಯೂಮ್ ಮಾತು ಬಂತಲ್ಲ, ಹೇಳಿಬಿಡುತ್ತೇನೆ. ಡ್ಯಾಕ್ ಆರಿಸುವಾಗ ಔಟ್‌ಪುಟ್ ವೋಲ್ಟ್ ನೋಡಿ. ಎಷ್ಟೋ ಹಳೆಯ ಆಂಪ್‌ಗಳಿಗೆ ಅರ್ಧ ವೋಲ್ಟ್‌ಗಿಂತ ಕಡಿಮೆ ಸಿಕ್ಕರೂ ಪೂರ್ತಿ ಶಕ್ತಿಯಲ್ಲಿ ಓಡುತ್ತವೆ. ಅದಕ್ಕೆ 2 ವೋಲ್ಟ್ ಕೊಟ್ಟರೆ ಗುಬ್ಬಿ ಎಂಟು-ಒಂಬತ್ತು ಗಂಟೆಯ ಜಾಗದಲ್ಲೇ ಸಿಕ್ಕಿಕೊಳ್ಳುತ್ತದೆ. ಅಷ್ಟು ಕೆಳಗೆ ಹಳೆಯ ಗುಬ್ಬಿಗಳ ಎಡ-ಬಲ ಸಮ ಇರುವುದಿಲ್ಲ, ಹಾಡು ಒಂದು ಪಕ್ಕಕ್ಕೆ ವಾಲುತ್ತದೆ. ಡ್ಯಾಕ್‌ನಲ್ಲೇ ವಾಲ್ಯೂಮ್ ಇದ್ದರೆ ಅಲ್ಲಿ ಹತ್ತು ಡಿಬಿ ಇಳಿಸಿ, ಆಂಪ್‌ನ ಗುಬ್ಬಿಯನ್ನು ಹನ್ನೊಂದರ ಹತ್ತಿರ ಇಡಬಹುದು. ಅಲ್ಲಿ ಅದು ನೆಟ್ಟಗೆ ಕೆಲಸ ಮಾಡುತ್ತದೆ. ಬ್ಯಾಲೆನ್ಸ್ಡ್ ಔಟ್‌ಪುಟ್, 4 ವೋಲ್ಟ್ ಎಂದೆಲ್ಲ ದೊಡ್ಡದಾಗಿ ಬರೆದಿರುತ್ತಾರೆ. ಆಂಪ್‌ನಲ್ಲಿ ಬ್ಯಾಲೆನ್ಸ್ಡ್ ಕೇಬಲ್‌ಗೆ ಬೇಕಾದ ಎಕ್ಸ್‌ಎಲ್‌ಆರ್ ಸಾಕೆಟ್ ಇಲ್ಲದಿದ್ದರೆ ಅದರಿಂದ ಉಪಯೋಗ ಇಲ್ಲ.

ಸಂಜೆರಾಗ ಅವರೇ, ಆ ಮೊದಲಿನ "ಪರದೆ" ವಿಷಯಕ್ಕೆ ಬರೋಣ. ಸ್ಪೀಕರ್ ಎಲ್ಲಿಟ್ಟಿದ್ದೀರಿ?

ಸಂಜೆರಾಗ

ಕಪಾಟಿನ ಒಳಗೆ, ಪುಸ್ತಕಗಳ ನಡುವೆ. ಕೂರುವ ಜಾಗಕ್ಕಿಂತ ಸ್ವಲ್ಪ ಮೇಲೆ.

ಹಳೇರೇಡಿಯೊ

ಹೊರಗೆ ತನ್ನಿ ಸರ್. ಏನಾದರೂ ಗಟ್ಟಿಯಾದ ಸ್ಟೂಲ್ ಮೇಲಿಡಿ, ಟ್ವೀಟರ್ ಕಿವಿಯ ಎತ್ತರಕ್ಕೆ ಬರಲಿ. ಹಿಂದಿನ ಗೋಡೆಯಿಂದ ಎರಡಡಿ ಮುಂದೆ. ಎರಡು ಸ್ಪೀಕರ್ ಎಷ್ಟು ದೂರವೋ ನೀವೂ ಹೆಚ್ಚುಕಡಿಮೆ ಅಷ್ಟೇ ದೂರ ಕೂತುಕೊಳ್ಳಿ. ಕೋಣೆ ಮತ್ತು ಸ್ಪೀಕರ್ ಸೇರಿ ಕೆಳಗಿನ ಸ್ವರಗಳಲ್ಲಿ 10 ಡಿಬಿ ತನಕ ಏರುಪೇರು ಮಾಡುವುದು ಮಾಮೂಲಿ. ಡ್ಯಾಕ್‌ಗಳ ನಡುವಿನ ಏರುಪೇರು ಒಂದು ಡಿಬಿಯ ಹತ್ತನೇ ಒಂದು ಭಾಗವೂ ಇರುವುದಿಲ್ಲ.

ಸಂಜೆರಾಗ

ಸರ್, ಏನು ಹೇಳಲಿ. ಎರಡು ಸ್ಟೂಲ್ ಹಾಕಿ ಇಟ್ಟೆ. ಕೊಳಲು ಎರಡು ಸ್ಪೀಕರ್‌ಗಳ ನಡುವೆ, ಏನೂ ಇಲ್ಲದ ಜಾಗದಲ್ಲಿ ಬಂದು ನಿಂತಿದೆ. ಕಪಾಟಿನಲ್ಲಿದ್ದಾಗ ಒಂದು ಡೋಲಿನ ಏಟು ಮುಗಿಯುವ ಮೊದಲೇ ಇನ್ನೊಂದು ಬಂದು ಗುಡುಗುಡು ಅನ್ನುತ್ತಿತ್ತು, ಈಗ ಒಂದೊಂದು ಏಟೂ ಬಿಡಿಬಿಡಿ. ಹೆಂಡತಿ ಅಡುಗೆ ಮನೆಯಿಂದ ಬಂದು "ಹೊಸದು ತಂದ್ರಾ?" ಅಂತ ಕೇಳಿದರು. ಆಗ ಓಡುತ್ತಿದ್ದದ್ದು ಲ್ಯಾಪ್‌ಟಾಪ್‌ನ ಜ್ಯಾಕ್!

ಆದರೂ ಡ್ಯಾಕ್ ಬೇಕೇ ಬೇಕು, ಟಿವಿಗೆ ಮತ್ತು ಆ ಗುಂಯ್ ಸದ್ದಿಗೆ. ಆಪ್ಟಿಕಲ್ ಇರುವ ಎರಡನೆಯ ಮಾಡೆಲ್ಲೇ ಕೊಂಡೆ. 2 ವೋಲ್ಟ್ ಔಟ್, ಸ್ವಂತ ವಾಲ್ಯೂಮ್, ಚಿಕ್ಕ ರಿಮೋಟ್. ಟಿವಿ ನೇರ ಆಪ್ಟಿಕಲ್‌ನಲ್ಲಿ. ಲ್ಯಾಪ್‌ಟಾಪ್‌ಗೆ ಏನು ಮಾಡಲಿ, ಅದರಲ್ಲಿ ಆಪ್ಟಿಕಲ್ ಇಲ್ಲವಲ್ಲ?

ಮೀಟರ್‌ಮುಳ್ಳು

ಯುಎಸ್‌ಬಿಯಿಂದ ಆಪ್ಟಿಕಲ್‌ಗೆ ಬದಲಾಯಿಸುವ ಪುಟ್ಟ ಪೆಟ್ಟಿಗೆ ಸಿಗುತ್ತದೆ. ಡ್ಯಾಕ್‌ನಲ್ಲಿ ಎರಡನೇ ಆಪ್ಟಿಕಲ್ ಸಾಕೆಟ್ ಇಲ್ಲದಿದ್ದರೆ ಒಂದು ಆಪ್ಟಿಕಲ್ ಸ್ವಿಚ್ ಕೂಡ ಬೇಕಾಗುತ್ತದೆ. ಇನ್ನೊಂದು ದಾರಿ ಯುಎಸ್‌ಬಿ ಐಸೊಲೇಟರ್, ಡೇಟಾ ದಾಟಿಸಿ ಗ್ರೌಂಡ್ ಸುತ್ತನ್ನು ಕಡಿಯುವ ಪೆಟ್ಟಿಗೆ. ಕೊಳ್ಳುವಾಗ ವೇಗ ನೋಡಿ. ಸಾದಾ ಐಸೊಲೇಟರ್‌ಗಳು ಸೆಕೆಂಡಿಗೆ 12 ಮೆಗಾಬಿಟ್ ಮಾತ್ರ ದಾಟಿಸುತ್ತವೆ, ಈಗಿನ ಎಷ್ಟೋ ಡ್ಯಾಕ್‌ಗಳು 480 ಮೆಗಾಬಿಟ್‌ನ ಹೈಸ್ಪೀಡ್ ಇಲ್ಲದೆ ಏಳುವುದೇ ಇಲ್ಲ.

ಅಥವಾ ಸಂಜೆ ಹಾಡು ಕೇಳುವ ಹೊತ್ತಿಗೆ ಚಾರ್ಜರ್ ಕಿತ್ತಿಡಿ. ಅದೂ ಪೂರ್ತಿ ಸರಿಯಾದ ಪರಿಹಾರವೇ.

ಸಂಜೆರಾಗ

ಸದ್ಯಕ್ಕೆ ಕಿತ್ತಿಡುತ್ತೇನೆ. ಬ್ಯಾಟರಿ ನಾಲ್ಕು ಗಂಟೆ ಬರುತ್ತದೆ.

ಬೆಳ್ಳಿತಂತಿ

ಮೂರು ವಾರ ಆಯಿತು, ಹೇಳಿದ ಮಾತಿಗೆ ಬಂದಿದ್ದೇನೆ.

ಮೊದಲು ನನ್ನ ಎನ್‌ಒಎಸ್ ಮತ್ತು ತಮ್ಮನ ಸಾಧಾರಣ ಡ್ಯಾಕ್, ಸದ್ದು ಸಮ ಮಾಡಿ, ದಿನಕ್ಕೆ ಎರಡೇ ಸಲದಂತೆ ಕೇಳಿದೆ. ತಮ್ಮ ಬದಲಾಯಿಸಿ ಬರೆದಿಟ್ಟುಕೊಂಡ. 16ರಲ್ಲಿ 13 ಸರಿ. ನನ್ನ ಕಿವಿ ಸುಮ್ನೆ ಹೇಳುತ್ತಿರಲಿಲ್ಲ.

ಆಮೇಲೆ ತಮ್ಮನ ಡ್ಯಾಕ್‌ಗೆ ಇಕ್ಯೂ ಹಾಕಿದೆವು. ಅದೇ ಹಾಡುಗಳು, ಅದೇ ಕುರ್ಚಿ, ಅದೇ ಹೊತ್ತು. 16ರಲ್ಲಿ 7.

ನನ್ನ ಡ್ಯಾಕ್ ನಾನು ಇಟ್ಟುಕೊಳ್ಳುತ್ತೇನೆ, ಅದರ ಮೇಲೆ ಪ್ರೀತಿ ಇದೆ. ಆದರೆ ಆ ಮೆದುತನ ಇಷ್ಟ ಇರುವವರು ಅದಕ್ಕಾಗಿ ಆರ್-2ಆರ್ ಕೊಳ್ಳಬೇಕಾಗಿಲ್ಲ ಅಂತ ಈಗ ಹೇಳಬಲ್ಲೆ. ನಾವು ಹಾಕಿದ ಇಕ್ಯೂ ಇದು, 44.1ರ ಫೈಲ್‌ಗಳಿಗೆ: 5 ಕಿಲೋಹರ್ಟ್ಸ್‌ನಲ್ಲಿ 0.2 ಡಿಬಿ ಕಡಿಮೆ, 10ರಲ್ಲಿ 0.75, 15ರಲ್ಲಿ 1.7, 20ರಲ್ಲಿ 3.2. ಸಂಜೆರಾಗ ಅವರೇ, ನಿಮ್ಮ ಆ ಚರ್ ಅನ್ನುವ ಆಲ್ಬಮ್‌ಗೆ ಇದನ್ನು ಹಾಕಿ ನೋಡಿ, ಹೇಗಿದೆ ಅಂತ ಬರೆಯಿರಿ.